ಸುಮ್ಮನಿದ್ದವರ ಲೆಕ್ಕ

೧೧ ಜೂನ್ ೧೯೮೩

ಅಣ್ಣ,

ಸುಖವಾಗಿ ಬಂದು ಸೇರಿದೆ. ಅತ್ತಿಗೆ ಕಟ್ಟಿಕೊಟ್ಟ ಬುತ್ತಿ ಎರಡನೇ ನಿಲ್ದಾಣ ದಾಟುವುದರೊಳಗೆ ಖಾಲಿಯಾಯಿತು ಎಂದು ಅವಳಿಗೆ ಹೇಳು, ಖುಷಿಪಡುತ್ತಾಳೆ.

ಕಾರ್ಮಿಕ ಒಕ್ಕೂಟದ ಕೇಂದ್ರ ಕಚೇರಿ ಎಂದರೆ ಏನೋ ಅರಮನೆ ಎಂದುಕೊಂಡಿದ್ದೆವಲ್ಲ, ಕೆಳಗೆ ಸೈಕಲ್ ರಿಪೇರಿ ಅಂಗಡಿ, ಮೇಲೆ ಮೂರು ಕೋಣೆ. ಒಂದರಲ್ಲಿ ಪ್ರಧಾನ ಕಾರ್ಯದರ್ಶಿ, ಇನ್ನೊಂದರಲ್ಲಿ ಹಳೇ ಬ್ಯಾನರುಗಳು, ಮೂರನೆಯದರಲ್ಲಿ ನಾನು ಮತ್ತು ಒಂದು ಟೈಪ್‌ರೈಟರ್. ಹನ್ನೊಂದು ವರ್ಷ ಸಾಬೂನಿಗೆ ಕಾಗದ ಸುತ್ತಿದ ಕೈ ಈಗ ಕಾಗದದ ಮೇಲೆ ಕುಟ್ಟುತ್ತಿದೆ. ಒಂದು ಪುಟಕ್ಕೆ ಒಂದು ಗಂಟೆ. ನಮ್ಮ ಪ್ಯಾಕಿಂಗ್ ಮೇಲ್ವಿಚಾರಕ ನೋಡಿದ್ದರೆ ಮೊದಲ ದಿನವೇ ಮನೆಗೆ ಕಳಿಸುತ್ತಿದ್ದ.

ಮೊದಲ ಸಭೆಯಲ್ಲೇ ನಗೆಪಾಟಲಾದೆ. ಇಲ್ಲಿ ಒಪ್ಪಿದವರೂ ಕೈ ಎತ್ತುತ್ತಾರೆ, ಒಪ್ಪದವರೂ ಕೈ ಎತ್ತುತ್ತಾರೆ. ನಾನು ಎದ್ದು, "ನಮ್ಮಲ್ಲಿ ಹಾಗಲ್ಲ. ಮಾಲೀಕರ ಮಾತು ಒಪ್ಪೋರು ಮಾತ್ರ ಕೈ ಎತ್ತಬೇಕು. ಬಾಗಿಲಲ್ಲಿ ನಮ್ಮಣ್ಣ ತಲೆ ಎಣಿಸಿರ್ತಾನೆ. ತಲೆಯಿಂದ ಕೈ ಕಳೆದು ಉಳಿದದ್ದೆಲ್ಲ ವಿರೋಧ. ಸುಮ್ಮನೆ ಕೂತರೆ ಬೇಡ ಅಂದ ಹಾಗೆ" ಎಂದೆ. ಯಾಕೆ ಎಂದು ಕೇಳಿದರು. ಮ್ಯಾನೇಜರನ ಕಡೆಯವರೂ ಸಭೆಯಲ್ಲಿ ಕೂತಿರುತ್ತಾರೆ, ಬೇಡ ಎಂದು ಕೈ ಎತ್ತಿದವರ ಮುಖ ನೋಡಿಕೊಂಡು ಹೋಗುತ್ತಾರೆ ಎಂದೆ. ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡು, "ನಲವತ್ತು ವರ್ಷದಿಂದ ಯೂನಿಯನ್ನಲ್ಲಿದೀನಿ, ಸುಮ್ಮನಿದ್ದೋರನ್ನ ಲೆಕ್ಕಕ್ಕೆ ತಗೊಂಡಿದ್ದು ಇದೇ ಮೊದಲು ಕೇಳ್ತಿರೋದು" ಅಂದರು. ಆಗ ಯಾರೂ ನಗಲಿಲ್ಲ. ನಿನ್ನ ಮೇಲೆ ನನಗೆ ಹೆಮ್ಮೆಯಾಯಿತು.

ನಿನ್ನ ತಂಗಿ


೨ ಜುಲೈ ೧೯೮೩

ತಂಗಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಗೇಟಿನ ಹತ್ತಿರ ಓದಿದೆ. ಸೈಕಲ್ ಅಂಗಡಿಯ ಮಾತಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಟಿಂಗ್ ವಿಭಾಗದ ದೊಡ್ಡಮ್ಮ ಮಾತ್ರ ನಿನ್ನ ಕೂಗು ನೆನೆದು, "ನಮ್ಮ ಸೈರನ್ ಇಲ್ಲದೆ ಕಾರ್ಖಾನೆ ಬಿಕೋ ಅಂತಿದೆ ಕಣಪ್ಪ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳು ಅಳುವುದೂ ಜಗಳ ಆಡಿದ ಹಾಗೇ ಇರುತ್ತದೆ, ನಿನಗೆ ಗೊತ್ತಲ್ಲ.

ನನ್ನದು ಎಂದಿನಂತೆ. ಬೆಂಕಿ, ನೀರು, ಒತ್ತಡದ ಮುಳ್ಳು. ಬಾಯ್ಲರ್ ಎದುರು ಹದಿನೆಂಟು ವರ್ಷವಾಯಿತು, ಹೆಂಡತಿಯ ಮುಖಕ್ಕಿಂತ ಆ ಮುಳ್ಳನ್ನೇ ಹೆಚ್ಚು ನೋಡಿದ್ದೇನೆ ಎಂದು ನಿನ್ನ ಅತ್ತಿಗೆ ಆಡಿಕೊಳ್ಳುತ್ತಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾಷಣ ಮಾಡುವಾಗ ಗಂಟಲು ಹರಿದುಕೊಳ್ಳಬೇಡ.

ಅಣ್ಣ


೧೯ ಸೆಪ್ಟೆಂಬರ್ ೧೯೮೯

ಅಣ್ಣ,

ಆರು ವರ್ಷದಲ್ಲಿ ನಿನಗೆ ಏನೇನೋ ಬರೆದೆ. ಗಿರಣಿ ಮುಷ್ಕರ, ಕೋರ್ಟು, ಒಂಬತ್ತು ದಿನದ ಜೈಲು, ಕಾರ್ಯದರ್ಶಿ ತೀರಿಕೊಂಡು ಅವರ ಕುರ್ಚಿಗೆ ನನ್ನನ್ನು ಕೂರಿಸಿದ್ದು. ಇದನ್ನು ಬರೆಯಲು ಮಾತ್ರ ಮೂರು ದಿನ ತಗೊಂಡೆ. ಪಕ್ಷದವರು ನಮ್ಮೂರಿನ ಕ್ಷೇತ್ರದಿಂದ ಸಂಸತ್ತಿಗೆ ನಿಲ್ಲು ಎನ್ನುತ್ತಿದ್ದಾರೆ.

ನೀನು ಪಕ್ಷದವರನ್ನು ಕಂಡರೆ ಮೂಗು ಮುರಿಯುವವನು. ಆದರೂ ಕೇಳುತ್ತೇನೆ. ಗೇಟಿನಲ್ಲಿ ಕಾನೂನನ್ನು ಬೈದು ಬೈದು ಸಾಕಾಯಿತಣ್ಣ. ಅದನ್ನು ಬರೆಯುವ ಕೋಣೆಯಲ್ಲಿ ಒಂದು ಸಲ ಕೂತು ನೋಡಬೇಕು ಅನ್ನಿಸುತ್ತಿದೆ. ದೊಡ್ಡಮ್ಮ ಹಾಲು ಕುಡಿಯುವ ಮಗುವನ್ನು ಸಾಬೂನಿನ ಪೆಟ್ಟಿಗೆಯಲ್ಲಿ ಮಲಗಿಸಿ, ಆ ಪೆಟ್ಟಿಗೆಯನ್ನು ಮೇಜಿನ ಕೆಳಗೆ ತಳ್ಳಿ ಕೆಲಸ ಮಾಡುತ್ತಿದ್ದಳು. ಕಾರ್ಖಾನೆಗೊಂದು ಶಿಶುಪಾಲನಾ ಕೋಣೆ ಇರಲೇಬೇಕು ಎಂಬ ಒಂದು ಕಾನೂನು ಮಾಡಿಸಿದರೆ ನನಗೆ ಸಾಕು.

ನೀನು ಬೇಡ ಅಂದರೆ ನಿಲ್ಲುವುದಿಲ್ಲ.


೨೭ ಸೆಪ್ಟೆಂಬರ್ ೧೯೮೯

ತಂಗಿ,

ನಾನು ಬೇಕು ಬೇಡ ಅನ್ನುವುದಕ್ಕೆ ನೀನು ನನ್ನೊಬ್ಬನ ತಂಗಿಯಲ್ಲ. ಭಾನುವಾರ ಸಭೆ ಕರೆದೆವು. ಬಾಗಿಲಲ್ಲಿ ಎಣಿಸಿದ ತಲೆ ನಾನೂರ ಹನ್ನೆರಡು. ನೀನು ನಿಲ್ಲಬೇಕು ಎಂದು ಎತ್ತಿದ ಕೈ ಮುನ್ನೂರ ಎಪ್ಪತ್ತೊಂದು. ನಲವತ್ತೊಂದು ಜನ ಸುಮ್ಮನಿದ್ದರು. ಯಾರು ಎಂದು ಕೇಳಬೇಡ, ನಾನು ನೋಡುವುದಿಲ್ಲ. ಎಣಿಸುವವನು ಮುಖ ನೋಡಬಾರದು.

ಒಂದೇ ಷರತ್ತು. ಅಲ್ಲಿ ನೀನು ಏನು ಮಾಡಿದರೂ ಪೇಪರಿನಲ್ಲಿ ಬರುವ ಮೊದಲು ನನಗೆ ಬರೆ. ನಾನು ಗೇಟಿನಲ್ಲಿ ಓದುತ್ತೇನೆ. ನನ್ನ ಲೆಕ್ಕ ಇವತ್ತಿನವರೆಗೆ ತಪ್ಪಿಲ್ಲ, ನನ್ನ ಬಾಯಿಂದ ಬಂದದ್ದನ್ನು ಇವರು ಪ್ರಶ್ನೆ ಮಾಡುವುದಿಲ್ಲ. ಅದೊಂದೇ ನನ್ನ ಆಸ್ತಿ. ನಿನ್ನ ಕೈಗೆ ಕೊಟ್ಟಿದ್ದೇನೆ.

ಅಣ್ಣ


೪ ಜನವರಿ ೧೯೯೦

ಅಣ್ಣ,

ನಿನ್ನ ತಂಗಿ ಈಗ ಸಂಸತ್ ಸದಸ್ಯೆ. ಆದರೆ ಬಾಗಿಲು ಕಾಯುವವನಿಗೆ ನಂಬಿಕೆ ಬರಲಿಲ್ಲ. "ಸಂದರ್ಶಕರು ಆ ಕಡೆ" ಎಂದು ಎರಡು ದಿನ ಕೈ ತೋರಿಸಿದ. ಮೂರನೇ ದಿನ ಅವನೇ ನಾಲಿಗೆ ಕಚ್ಚಿಕೊಂಡು ಎದ್ದು ನಿಂತ. ಅವನ ಯೂನಿಫಾರ್ಮಿನ ತೋಳಿಗೆ ಒಳಗಿನಿಂದ ತೇಪೆ ಹಾಕಿತ್ತು. ಒಳಗೆ ಕೂತವರಲ್ಲಿ ಅಂಥದ್ದು ಒಂದೂ ಕಾಣಲಿಲ್ಲ.

ಸಭಾಂಗಣಕ್ಕೆ ದಪ್ಪ ರತ್ನಗಂಬಳಿ ಹಾಸಿದ್ದಾರೆ, ಕಾಲಿನ ಸದ್ದೇ ಬರುವುದಿಲ್ಲ. ನನಗೆ ಹಿಂದಿನಿಂದ ಎರಡನೇ ಸಾಲು. ಮೊದಲ ಸಲ ಮಾತಾಡುವಾಗ ಎದುರಿಗೆ ಮೈಕ್ ಇರುವುದೇ ಮರೆತುಹೋಯಿತು, ಗೇಟಿನಲ್ಲಿ ಕೂಗಿದ ಹಾಗೇ ಶುರು ಮಾಡಿದೆ. ವರದಿ ಬರೆದುಕೊಳ್ಳುವವನು ಕಿವಿಯ ಯಂತ್ರ ಕಿತ್ತು ಮೇಜಿನ ಮೇಲೆ ಇಟ್ಟ. ಸಭಾಧ್ಯಕ್ಷರು ನಗು ತಡೆದುಕೊಂಡು, "ಸದಸ್ಯರ ಮಾತು ನಮಗೆಲ್ಲ ಚೆನ್ನಾಗಿ ಕೇಳಿಸುತ್ತಿದೆ" ಅಂದರು. ಗೇಟಿನಲ್ಲಿ ಇದನ್ನು ಓದು. ದೊಡ್ಡಮ್ಮ ನಗಲಿ.


೨೨ ಮಾರ್ಚ್ ೧೯೯೦

ಅಣ್ಣ,

ಅವಸರದಲ್ಲಿ ಬರೆಯುತ್ತಿದ್ದೇನೆ, ನಾಳೆ ಪೇಪರಿನಲ್ಲಿ ಬರುತ್ತದೆ. ಇವತ್ತು ಬಾಯ್ಲರ್ ಮಸೂದೆ ಪಾಸಾಯಿತು. ಇದು ಮೇಲ್ಮನೆಯಲ್ಲೂ ಪಾಸಾದರೆ ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ್ ಬಂದು ನೋಡಬೇಕಾಗಿಲ್ಲ. ಸರಿಯಾಗಿದೆ ಎಂದು ಮಾಲೀಕರೇ ಬರೆದು, ಬಾಯ್ಲರ್ ನಡೆಸುವವನ ಸಹಿ ಹಾಕಿಸಿ ಕಳಿಸಿದರೆ ಸಾಕು. ತಂದದ್ದು ನನ್ನ ಪಕ್ಷವೇ. ಒಪ್ಪಿದವರು ಹೌದು ಎನ್ನಿ ಎಂದು ಸಭಾಧ್ಯಕ್ಷರು ಕೇಳಿದಾಗ ನನ್ನ ಸಾಲಿನವರೆಲ್ಲ ಹೌದು ಎಂದು ಕೂಗಿದರು.

ನಾನು ಸುಮ್ಮನಿದ್ದೆ. ಅದರರ್ಥ ನಿನಗೆ ಹೇಳಬೇಕಾಗಿಲ್ಲ.

ತಂಗಿ


೩೦ ಮಾರ್ಚ್ ೧೯೯೦

ತಂಗಿಗೆ ಮನಸಾರೆ ಆಶೀರ್ವಾದ.

ಗೇಟಿನಲ್ಲಿ ನೀನು ಇರಬೇಕಿತ್ತು. ಪೇಪರ್ ಬಂದ ದಿನದಿಂದ ಇನ್ನೊಂದು ಯೂನಿಯನ್ನಿನವರು, "ನಿಮ್ಮ ಸೈರನ್ನಿಗೆ ಬೀಗ ಬಿತ್ತಾ? ಅಣ್ಣ ಬಾಯ್ಲರ್ ಮುಂದೆ ಬೇಯ್ತಿದಾನೆ, ತಂಗಿ ಮೆತ್ತನೆ ಕುರ್ಚೀಲಿ ಕೂತು ಅವನನ್ನೇ ಮಾರಿದಳು" ಎಂದು ಚುಚ್ಚುತ್ತಿದ್ದರು. ನಾನು ನಿನ್ನ ಪತ್ರ ಎತ್ತಿ ಹಿಡಿದು, "ಸುಮ್ಮನಿದ್ದೆ ಅಂತ ಬರೆದಿದಾಳೆ. ಸ್ವಂತ ಪಕ್ಷದ ನಡುವೆ ಕೂತು ಬೇಡ ಅಂದಿದಾಳೆ. ನನ್ನ ಲೆಕ್ಕ ಎಂದಾದರೂ ತಪ್ಪಿದೆಯಾ? ಇದೂ ತಪ್ಪಿಲ್ಲ, ನನ್ನಾಣೆ" ಎಂದೆ. ಅವರ ಬಾಯಿ ಮುಚ್ಚಿಹೋಯಿತು.

ಮಸೂದೆ ಪಾಸಾದದ್ದು ಬೇಜಾರೇ. ಆದರೆ ನೀನು ಜೊತೆಗಿದ್ದೀಯಲ್ಲ. ನನಗೆ ಬಹಳ ಸಂತೋಷವಾಗಿದೆ, ಬರೆಯಲು ಬರುವುದಿಲ್ಲ.

ಅಣ್ಣ


೯ ಮೇ ೧೯೯೦

ಅಣ್ಣ,

ಪತ್ರ ತಲುಪಿತು. ಉತ್ತರ ತಡವಾಯಿತು, ಸಮಿತಿಯ ಕೆಲಸ. ಇಲ್ಲಿ ಬಿಸಿಲು ಜಾಸ್ತಿ. ಗೇಟಿನಲ್ಲಿ ಆಣೆ ಗೀಣೆ ಯಾಕೆ ಇಟ್ಟೆ, ಅದೆಲ್ಲ ಬೇಕಿರಲಿಲ್ಲ. ಅತ್ತಿಗೆಯ ಮಂಡಿನೋವು ಹೇಗಿದೆ? ಮುಂದಿನ ಅಧಿವೇಶನದಲ್ಲಿ ಶಿಶುಪಾಲನಾ ಕೋಣೆಯ ಮಸೂದೆ ಬರಬಹುದು. ಬಂದರೆ ಎಲ್ಲ ಸರಿಹೋಗುತ್ತದೆ.

ತಂಗಿ


೨ ಜುಲೈ ೧೯೯೦

ತಂಗಿ,

ಎಲ್ಲರೂ ಕ್ಷೇಮ. ಬಾಯ್ಲರ್ ಇನ್ಸ್‌ಪೆಕ್ಟರ್ ಬಂದು ನೋಡಿ ಹೋದರು. ಬಾಯ್ಲರ್ ಚೆನ್ನಾಗಿದೆ. ಅತ್ತಿಗೆಯ ಮಂಡಿ ಪರವಾಗಿಲ್ಲ.

ಅಣ್ಣ


೨೦ ಜುಲೈ ೧೯೯೦

ಅಣ್ಣ,

ನಾಲ್ಕೇ ಸಾಲು! ಮೊದಲೆಲ್ಲ ನಿನ್ನ ಪತ್ರ ಅಂಚಿನವರೆಗೂ ತುಂಬಿರುತ್ತಿತ್ತು, ಕೊನೆಯ ಮಾತು ಓದಲು ಕಾಗದವನ್ನೇ ತಿರುಗಿಸಬೇಕಾಗುತ್ತಿತ್ತು. ಮೈ ಹುಷಾರಿಲ್ಲವೇ? ಕಲ್ಲಿದ್ದಲಿನ ಧೂಳಿಗೆ ಕೆಮ್ಮು ಶುರುವಾಗಿರಬೇಕು, ನೀನು ಹೇಳುವವನಲ್ಲ. ಇಲ್ಲಿಯ ಡಾಕ್ಟರನ್ನು ಕೇಳಿ ಎರಡು ಬಾಟಲಿ ಔಷಧಿ ಕಳಿಸಿದ್ದೇನೆ. ಊಟವಾದ ಮೇಲೆ ಎರಡು ಚಮಚ. ತಪ್ಪಿಸಬೇಡ.


೪ ಆಗಸ್ಟ್ ೧೯೯೦

ತಂಗಿ,

ಔಷಧಿ ಬಂತು. ನನಗೆ ಕೆಮ್ಮಿಲ್ಲ. ಬೇರೆ ಏನಾದರೂ ಬರೆಯುವುದಿದ್ದರೆ ಬರೆ.

ಅಣ್ಣ


೨೮ ಆಗಸ್ಟ್ ೧೯೯೦

ಅಣ್ಣ,

ಬರೆಯುವುದಿದೆ. ನಿನ್ನ ಆ ಒಂದು ಸಾಲನ್ನು ಮೂರು ವಾರ ಕೈಚೀಲದಲ್ಲಿ ಇಟ್ಟುಕೊಂಡು ತಿರುಗಿದೆ.

ಮಾರ್ಚ್ ಇಪ್ಪತ್ತೊಂದರಂದು ಪಕ್ಷದ ಮುಖ್ಯ ಸಚೇತಕರು ನನ್ನನ್ನು ಕರೆದರು. ಯಾರು ಯಾವ ಕಡೆ ಮತ ಹಾಕಬೇಕು ಎಂದು ನೋಡಿಕೊಳ್ಳುವವರು ಅವರೇ. ಅವರ ಮೇಜಿನ ಮೇಲೆ ಒಂದು ಚೂರು ಕಾಗದ ಇರಲಿಲ್ಲ, ಒಂದು ಲೋಟ ನೀರು ಮಾತ್ರ. ಮಸೂದೆಗೆ ನಾನು ವಿರೋಧ ಎಂದೆ. ಅವರಿಗೆ ಸಿಟ್ಟೇ ಬರಲಿಲ್ಲ. "ನೀವು ಹೌದು ಅನ್ನಬೇಡಿ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಸುಮ್ಮನಿರಿ, ಸಾಕು. ಮುಂದಿನ ಅಧಿವೇಶನದಲ್ಲಿ ನಿಮ್ಮ ಮಕ್ಕಳ ಕೋಣೆ ಮಸೂದೆ ತರೋಣ" ಅಂದರು. ನಾನು ಕೇಳಿದೆ, "ಸುಮ್ಮನಿದ್ದೋರನ್ನ ಯಾವ ಕಡೆ ಎಣಿಸ್ತೀರಿ?" ಅವರು ನಕ್ಕು, "ಇಲ್ಲಿ ಸುಮ್ಮನಿದ್ದೋರು ಲೆಕ್ಕಕ್ಕೇ ಇಲ್ಲ ತಾಯಿ. ಹೌದು, ಬೇಡ ಎರಡರಲ್ಲಿ ಯಾವ ಗದ್ದಲ ಜಾಸ್ತಿಯೋ ಅದೇ ತೀರ್ಪು" ಅಂದರು.

ಆದ್ದರಿಂದ ನನಗೆ ಗೊತ್ತಿತ್ತು ಅಣ್ಣ. ಗೊತ್ತಿದ್ದೇ ಸುಮ್ಮನಿದ್ದೆ. ಗೊತ್ತಿದ್ದೇ ನಿನಗೆ ಆ ಪತ್ರ ಬರೆದೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ, ಆದರೆ ಪತ್ರ ಪೂರ್ತಿ ಸುಳ್ಳು. ನೀನು ನಮ್ಮ ಲೆಕ್ಕದಲ್ಲೇ ಓದಿಕೊಳ್ಳುತ್ತೀಯ ಎಂದು ಗೊತ್ತಿತ್ತು, ಅದಕ್ಕೇ ಹಾಗೆ ಬರೆದೆ. ನೀನು ಆಣೆ ಇಟ್ಟೆ ಎಂದು ಓದಿ ಪತ್ರ ಮಡಚಿ ಇಟ್ಟೆ. ಅವತ್ತೇ ಹೇಳಬೇಕಿತ್ತು. ಮಕ್ಕಳ ಕೋಣೆಯ ಮಸೂದೆ ಕೈಗೆ ಬರಲಿ, ಅದನ್ನು ತೋರಿಸಿ ಹೇಳೋಣ ಎಂದು ಮುಂದೂಡಿದೆ. ಈ ಅಧಿವೇಶನದ ಪಟ್ಟಿ ಬಂತು, ಅದರಲ್ಲಿ ಆ ಮಸೂದೆ ಇಲ್ಲ. ಕೇಳಿದರೆ "ನೋಡೋಣ" ಎಂದರು. ಅದೇ ಮೇಜು, ಅದೇ ಲೋಟ.

ಇನ್ನೊಂದು ವಿಷಯ. ಮೇಲ್ಮನೆ ಬಾಯ್ಲರ್ ಮಸೂದೆಗೆ ಸಣ್ಣ ತಿದ್ದುಪಡಿ ಮಾಡಿ ಹಿಂದಕ್ಕೆ ಕಳಿಸಿದೆ. ಅಕ್ಟೋಬರಿನಲ್ಲಿ ಮತ್ತೆ ಮತ. ಈ ಸಲ ವಿರೋಧ ಪಕ್ಷದವರು ಹೆಸರು ಹಿಡಿದು ಎಣಿಸಬೇಕು ಎಂದು ಹಟ ಹಿಡಿದಿದ್ದಾರೆ.

ಈ ಪತ್ರವನ್ನು ಗೇಟಿನಲ್ಲಿ ಓದು. ನಿನ್ನ ಬಾಯಿಂದ ಸುಳ್ಳು ಹೇಳಿಸಿದ್ದೇನೆ. ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತಿದೆ.


೩ ಸೆಪ್ಟೆಂಬರ್ ೧೯೯೦

ತಂಗಿ,

ನನಗೆ ಜೂನ್ ಕೊನೆಯಲ್ಲೇ ಗೊತ್ತಾಯಿತು. ಇನ್ಸ್‌ಪೆಕ್ಟರ್ ಬಾಯ್ಲರ್ ಒಳಗೆ ಇಳಿದು ಸುತ್ತಿಗೆಯಿಂದ ಕೊಳವೆಗಳನ್ನು ಬಡಿದು ನೋಡಿ ಹೊರಗೆ ಬಂದರು. ಕೈ ತೊಳೆಯುತ್ತಾ, "ಮುಂದಿನ ವರ್ಷ ನಾನು ಬರೋ ಹಾಗಿಲ್ಲ, ನಿಮ್ಮ ತಂಗೀನೂ ಸುಮ್ಮನಿದ್ದುಬಿಟ್ಟರಲ್ಲ" ಅಂದರು. ಸುಮ್ಮನಿದ್ದರೆ ವಿರೋಧ ತಾನೇ ಎಂದೆ. ಅವರು ಪಾಪ, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಆಮೇಲೆ ಇನ್ನೊಂದು ಹೇಳಿದರು. ಎರಡು ಕೊಳವೆ ತೆಳುವಾಗಿವೆ, ಆರು ತಿಂಗಳಲ್ಲಿ ಬದಲಾಯಿಸಬೇಕು. ಬಾಯ್ಲರ್ ಚೆನ್ನಾಗಿದೆ ಎಂದು ನಿನಗೆ ಬರೆದದ್ದು ಸುಳ್ಳು.

ನಿನಗೆ ಗೊತ್ತಿರಲಿಲ್ಲವೋ ಏನೋ, ಹೊಸಬಳು, ಮೋಸ ಹೋಗಿರಬೇಕು ಎಂದು ಒಂದು ದಿನ ಅನ್ನಿಸುತ್ತಿತ್ತು. ಮಾರನೇ ದಿನ ಹಾಗನ್ನಿಸುತ್ತಿರಲಿಲ್ಲ. ಕೇಳಿದ್ದರೆ ನೀನು ಹೇಳುತ್ತಿದ್ದೆ. ಕೇಳದೆ ಹೇಳಬೇಕು ಎಂದು ಕಾದೆ. ಅಷ್ಟು ದಿನವೂ ಗೇಟಿನಲ್ಲಿ ಜನ ನನ್ನ ಬೆನ್ನು ತಟ್ಟುತ್ತಿದ್ದರು, ನಾನು ತಟ್ಟಿಸಿಕೊಂಡೆ. ಹಾಗಾಗಿ ಎರಡು ತಿಂಗಳ ಸುಳ್ಳು ನನ್ನದೂ ಇದೆ.

ಸಿಟ್ಟಿದೆ. ಇಲ್ಲ ಎಂದು ಬರೆಯುವುದಿಲ್ಲ. ನಿನ್ನ ಪತ್ರ ನಾನು ಓದುವುದಿಲ್ಲ. ನೀನೇ ಬಂದು ಹೇಳು.

ಅಣ್ಣ


೧೭ ಸೆಪ್ಟೆಂಬರ್ ೧೯೯೦

ಅಣ್ಣ,

ರೈಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ. ಉರಿಯುವ ಬಾಯ್ಲರ್ ಬಿಟ್ಟು ನಿನಗೆ ಬರಲಾಗಲಿಲ್ಲ, ಆದ್ದರಿಂದ ನಡೆದದ್ದನ್ನು ಬರೆಯುತ್ತೇನೆ.

ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಕಟ್ಟೆ ಹತ್ತಿದೆ. ಗೊತ್ತಿದ್ದೇ ಸುಮ್ಮನಿದ್ದೆ, ಅಣ್ಣನಿಗೂ ನಿಮಗೂ ಸುಳ್ಳು ಬರೆದೆ, ಅವನ ತಪ್ಪೇನೂ ಇಲ್ಲ ಎಂದೆ. ಮಕ್ಕಳ ಕೋಣೆಯ ಮಾತು ಹೇಳಿ, ದೊಡ್ಡಮ್ಮನ ಪೆಟ್ಟಿಗೆ ನೆನೆಸಿಕೊಂಡೇ ಒಪ್ಪಿದೆ ಎಂದೆ. ಹಾಗೆ ಹೇಳಬಾರದಿತ್ತು. ದೊಡ್ಡಮ್ಮ ಜನರನ್ನು ತಳ್ಳಿಕೊಂಡು ಮುಂದೆ ಬಂದಳು.

"ನನ್ನ ಹೆಸರಲ್ಲಿ ವ್ಯಾಪಾರ ಮಾಡು ಅಂತ ನಿನಗೆ ಯಾರೇ ಹೇಳಿದ್ದು? ಪೆಟ್ಟಿಗೇಲಿ ಮಲಗ್ತಿದ್ದ ಮಗು ಈಗ ಹದಿನೆಂಟು ವರ್ಷದೋಳು. ಬಾಯ್ಲರ್ ಗೋಡೆ ಪಕ್ಕದಲ್ಲೇ ಸಾಬೂನು ಕತ್ತರಿಸ್ತಾಳೆ. ಅದು ಸಿಡಿದರೆ ಯಾವ ಕೋಣೇಲಿ ಮಲಗಿಸಲಿ ಅವಳನ್ನ?"

ಎಲ್ಲರೆದುರು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಹಿಂದಿನಿಂದ ಯಾರೋ, "ಅಕ್ಟೋಬರಿನಲ್ಲಿ ಏನ್ ಮಾಡ್ತೀಯಾ?" ಎಂದು ಕೂಗಿದರು. ಬೇಡ ಅಂತೀನಿ ಎಂದೆ. ಪಕ್ಷದ ಮಾತು ಮೀರಿದರೆ ಸದಸ್ಯತ್ವವೇ ಹೋಗುತ್ತದಲ್ಲ ಎಂದರು. ಹೋಗಲಿ ಎಂದೆ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಮನೆಗೆ ಬರಲು ಮುಖವಿಲ್ಲದೆ ನೇರ ಬಸ್ ನಿಲ್ದಾಣಕ್ಕೆ ಹೊರಟೆ. ಅಲ್ಲಿಯವರೆಗೆ ದೊಡ್ಡಮ್ಮ ಮಾತ್ರ ನನ್ನ ಜೊತೆ ಬಂದಳು, ದಾರಿಯುದ್ದಕ್ಕೂ ಬೈಯುತ್ತಾ.

ನಿನ್ನನ್ನು ಕಣ್ಣು ಹುಡುಕುತ್ತಿತ್ತು.


೨೨ ಸೆಪ್ಟೆಂಬರ್ ೧೯೯೦

ತಂಗಿ,

ನಾನು ಬಂದಿದ್ದೆ. ಅವತ್ತು ನನ್ನ ಜಾಗದಲ್ಲಿ ಬದಲಿ ಆಳು ಇದ್ದ. ಕಲ್ಲಿದ್ದಲಿನ ರಾಶಿಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. ನಿನ್ನನ್ನು ಬೈಯುವುದನ್ನು ಎದುರು ನಿಂತು ನೋಡುವ ಧೈರ್ಯ ಬರಲಿಲ್ಲ. ಬಾ ಎಂದು ಕರೆಸಿಕೊಂಡವನು ನಾನು, ಬಚ್ಚಿಟ್ಟುಕೊಂಡವನೂ ನಾನೇ. ನೀನು ಅಳುವಾಗ ಎರಡು ಹೆಜ್ಜೆ ಮುಂದೆ ಬಂದೆ, ಮತ್ತೆ ಹಿಂದಕ್ಕೆ ಸರಿದೆ. ಇದನ್ನು ಮುಚ್ಚಿಡುವುದು ಬೇಡ ಎಂದು ಬರೆದಿದ್ದೇನೆ.

ಮಾರನೇ ದಿನ ನಾನೂ ಕಟ್ಟೆ ಹತ್ತಿ ನನ್ನ ಎರಡು ತಿಂಗಳ ವಿಷಯ ಹೇಳಿದೆ. ಎಣಿಸುವ ಕೆಲಸ ಬೇರೆಯವರಿಗೆ ಕೊಡಿ ಎಂದೆ. ಕೊಟ್ಟರು. ಬೇಡ ಅನ್ನುತ್ತಾರೆ ಎಂದು ಒಳಗೊಳಗೆ ಆಸೆಯಿತ್ತು. ಯಾರೂ ಅನ್ನಲಿಲ್ಲ.

ಅಣ್ಣ


೧೨ ಅಕ್ಟೋಬರ್ ೧೯೯೦

ಅಣ್ಣ,

ಇವತ್ತು ಮತವಾಯಿತು. ಹೆಸರು ಹಿಡಿದು ಎಣಿಸುವಾಗ ಬಾಗಿಲು ಎರಡು, ಹೌದು ಎನ್ನುವವರು ಬಲಕ್ಕೆ, ಬೇಡ ಎನ್ನುವವರು ಎಡಕ್ಕೆ. ನನ್ನ ಸಾಲು ಎದ್ದು ಬಲಕ್ಕೆ ನಡೆಯಿತು. ಸಚೇತಕರು ನನ್ನ ಕುರ್ಚಿಯ ಹತ್ತಿರ ಬಂದು ಮೆಲ್ಲಗೆ, "ತಲೆನೋವು ಅಂತ ಹೊರಗೆ ಹೋಗಿಬಿಡಿ, ಸೀಟು ಉಳಿಯುತ್ತೆ" ಅಂದರು. ಒಂದು ಕ್ಷಣ ಕೂತೇ ಇದ್ದೆ ಅಣ್ಣ. ಆ ಕುರ್ಚಿ ನನಗೆ ಇಷ್ಟವಾಗಿಬಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಎದ್ದು ಎಡಗಡೆ ಬಾಗಿಲಿಗೆ ನಡೆದೆ.

ಮಸೂದೆ ಹತ್ತೊಂಬತ್ತು ಮತದಿಂದ ಪಾಸಾಯಿತು. ನಾನು ನಡೆದದ್ದರಿಂದ ಏನೂ ತಪ್ಪಲಿಲ್ಲ. ಸಂಜೆಗೆ ಪಕ್ಷದಿಂದ ಉಚ್ಚಾಟನೆಯ ಪತ್ರ ಬಂತು, ಸದಸ್ಯತ್ವ ರದ್ದಾಗುವುದಕ್ಕೆ ಒಂದು ತಿಂಗಳು ಹಿಡಿಯುತ್ತದಂತೆ. ಸೋತಿದ್ದೇನೆ ಅನ್ನುವುದನ್ನು ನಿನಗೆ ನಾನೇ ಮೊದಲು ತಿಳಿಸಬೇಕು ಎಂದು ಬರೆಯುತ್ತಿದ್ದೇನೆ. ಯಾರು ಯಾವ ಬಾಗಿಲಿಗೆ ಹೋದರು ಎಂಬ ಪಟ್ಟಿಯ ಅಚ್ಚಾದ ಪ್ರತಿಯನ್ನು ಜೊತೆಗೆ ಇಟ್ಟಿದ್ದೇನೆ.


೯ ನವೆಂಬರ್ ೧೯೯೦

ತಂಗಿ,

ಪಟ್ಟಿಯನ್ನು ಗೇಟಿನ ಫಲಕಕ್ಕೆ ಅಂಟಿಸಿದ್ದಾರೆ. ನಾನು ಅಂಟಿಸಲಿಲ್ಲ, ದೊಡ್ಡಮ್ಮ ಕಿತ್ತುಕೊಂಡು ಹೋಗಿ ಅಂಟಿಸಿದಳು. ಓದಲು ಬಾರದವರಿಗೆ ಬೆರಳಿಟ್ಟು ನಿನ್ನ ಹೆಸರು ತೋರಿಸುತ್ತಾಳೆ. ತೋರಿಸುತ್ತಲೇ ಬೈಯುತ್ತಾಳೆ.

ಸೋಮವಾರ ಮ್ಯಾನೇಜರ್ ನನ್ನನ್ನು ಕರೆಸಿದರು. ಹೊಸ ಕಾನೂನಿನ ಮೊದಲ ಫಾರಂ ಬಂದಿದೆ. ಬಾಯ್ಲರ್ ಎಲ್ಲ ರೀತಿಯಲ್ಲೂ ಸುರಕ್ಷಿತ ಎಂದು ಮಾಲೀಕರ ಸಹಿ ಆಗಿತ್ತು, ಕೆಳಗೆ ನನ್ನ ಸಹಿಗೆ ಜಾಗ. ಆ ಎರಡು ಕೊಳವೆ ಬದಲಾಯಿಸಿಲ್ಲ. ಮ್ಯಾನೇಜರ್ ಒಳ್ಳೆಯ ಮಾತಿನಲ್ಲೇ, "ಇಪ್ಪತ್ತೈದು ವರ್ಷ ಸರ್ವಿಸು ನಿಮ್ಮದು, ಒಂದು ಗೀಚಿಗೆ ಯಾಕೆ ಕಳ್ಕೋತೀರಿ" ಎಂದು ಪೆನ್ನು ಮುಂದೆ ಹಿಡಿದರು. ನನಗೆ ಭಯವಾಯಿತು. ಈ ವಯಸ್ಸಿನಲ್ಲಿ ಇನ್ನೆಲ್ಲಿ ಕೆಲಸ ಸಿಗುತ್ತದೆ? ಪೆನ್ನು ತಗೊಂಡೆ ಕೂಡ.

ಆಮೇಲೆ ಮೇಜಿನ ಮೇಲಿಟ್ಟು ಬಂದೆ, ಸಂಜೆಗೆ ಕೆಲಸದಿಂದ ತೆಗೆದ ಚೀಟಿ ಬಂತು. ನಿನ್ನ ಹೆಸರು ಬೇಡ ಅನ್ನುವ ಕಡೆ ಅಚ್ಚಾಗಿರುವಾಗ ನನ್ನ ಹೆಸರನ್ನು ಅಲ್ಲಿ ಹೇಗೆ ಬರೆಯಲಿ? ನೀನು ನಡೆದದ್ದರಿಂದ ಏನೂ ತಪ್ಪಲಿಲ್ಲ ಎಂದು ಬರೆದಿದ್ದೀಯ. ಇದೊಂದು ಸಹಿ ತಪ್ಪಿದೆ, ನೋಡಿಕೋ.

ನಾಲ್ಕು ದಿನದಿಂದ ಬೆಂಕಿ ಹಾಕಿಲ್ಲ. ಬೇರೆ ಕಡೆಯಿಂದ ಇಬ್ಬರು ಬಾಯ್ಲರಿನವರನ್ನು ಕರೆಸಿದ್ದರು. ಇಬ್ಬರೂ ಒಳಗೆ ಇಳಿದು ನೋಡಿದರು, ಮೈ ಒರೆಸಿಕೊಂಡರು, ಸಹಿ ಹಾಕದೆ ಹೋದರು. ಮೂರನೆಯವನು ಹಾಕಿದರೂ ಹಾಕಬಹುದು. ಕೊಳವೆ ಬದಲಾಗುವವರೆಗೆ ಒಳಗೆ ಕಾಲಿಡುವುದಿಲ್ಲ ಎಂದು ಕಟಿಂಗ್ ವಿಭಾಗದವರು ಗೇಟಿನಲ್ಲೇ ಕೂತಿದ್ದಾರೆ. ಅವರ ಪರವಾಗಿ ಮ್ಯಾನೇಜರ ಹತ್ತಿರ ಮಾತಾಡಲು ಒಬ್ಬರು ಬೇಕಾಗಿದೆ. ನಿನ್ನನ್ನು ಕರೆಯಬೇಕೋ ಬೇಡವೋ ಎಂದು ನಿನ್ನೆ ಕೇಳಿದರು. ಎಲ್ಲರೂ ಕೈ ಎತ್ತಲಿಲ್ಲ. ಆದರೆ ಸಾಕಾಗುವಷ್ಟು ಎತ್ತಿದರು. ಈಗ ನಾನು ಎಣಿಸುವವನಲ್ಲವಲ್ಲ, ನಾನೂ ಎತ್ತಿದೆ.

ಮನೆಯಲ್ಲಿ ಈಗ ಕೆಲಸವಿಲ್ಲದವರು ಇಬ್ಬರು, ನೀನು ಮತ್ತು ನಾನು. ಅತ್ತಿಗೆ ತಲೆ ಚಚ್ಚಿಕೊಂಡಳು, ಆಮೇಲೆ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದಳು. ಯಾವ ರೈಲಿಗೆ ಬರುತ್ತೀಯ ತಿಳಿಸು, ಈ ಸಲ ನಿಲ್ದಾಣಕ್ಕೆ ನಾನೇ ಬಂದು ಎದುರಿಗೆ ನಿಲ್ಲುತ್ತೇನೆ.

ಅಣ್ಣ